ನಿಂಗಕ್ಕನ ಭಾನುವಾರ

ನಾಲ್ಕಕ್ಕೆ ಏಳುವುದು. ಒಲೆಯ ಬೂದಿ ತೋಡಿ, ಆ ಬೂದಿಯಲ್ಲೇ ಹಿಂದಿನ ದಿನದ ಗಡಿಗೆ, ಹಂಚು, ಕಂಚಿನ ಗಂಗಾಳ ತಿಕ್ಕುವುದು. ಎಮ್ಮೆಯ ಕೆಳಗಿನ ಸಗಣಿ ಬಾಚಿ ತಿಪ್ಪೆಗೆ ಹಾಕಿ, ಒಂದು ಮುದ್ದೆಯಷ್ಟನ್ನು ಉಳಿಸಿಕೊಂಡು ಅಂಗಳ ಸಾರಿಸುವುದು. ಎರಡು ಕೊಡ ನೀರು ಹೊರುವುದು. ಎಮ್ಮೆ ಕರೆಯುವುದು. ಮುದ್ದೆಗೆ ಎಸರಿಡುವುದು. ಎಸರು ಕುದಿಯುವುದರೊಳಗೆ ಲಾಟೀನು ಹಿಡಿದು ಕಾಲುವೆಯ ಅಳತೆಗಲ್ಲಿನ ಹತ್ತಿರ ಬಗ್ಗಿ, ನೀರು ಎಷ್ಟು ಅಡಿ ಎಷ್ಟು ಅಂಗುಲ ನಿಂತಿದೆ ಎಂದು ನೋಡಿ, ಮರೆಯದ ಹಾಗೆ ಬಾಯಲ್ಲೇ ಹೇಳಿಕೊಳ್ಳುತ್ತ ಬರುವುದು. ಐದಕ್ಕೆ ಫೋನು ಬಡಿದುಕೊಂಡಾಗ ಓಡಿ ಹೋಗಿ ಎತ್ತುವುದು.

ಇವುಗಳಲ್ಲಿ ಕೊನೆಯ ಎರಡು ಕೆಲಸಕ್ಕೆ ಇಲಾಖೆಯ ಸಂಬಳವಿತ್ತು. ಸಂಬಳ ಪಡೆಯುತ್ತಿದ್ದವನು ನಿಂಗಕ್ಕನ ಗಂಡ ರಂಗಯ್ಯ. ಆ ಹೊತ್ತಿಗೆ ಅವನು ಕಂಬಳಿ ಹೊದ್ದು ಮಲಗಿರುತ್ತಿದ್ದ.

ರಂಗಯ್ಯ ಕಾಲುವೆಯ ಸೌಡಿ. ಹೊಲಗಳಿಗೆ ನೀರು ತಿರುಗಿಸುವುದು, ನಿಲ್ಲಿಸುವುದು, ಜಗಳ ಬಂದರೆ ಇಬ್ಬರಿಗೂ ಬೈಯುವುದು ಅವನ ಕೆಲಸ. ಅದನ್ನು ಅವನು ಚೆನ್ನಾಗಿಯೇ ಮಾಡುತ್ತಿದ್ದ, ಆದರೆ ಹೊತ್ತು ಹುಟ್ಟಿದ ಮೇಲೆ. ಬಾಗೂರಿನ ಕಡೆ ವೇದಾವತಿಗೆ ಅಡ್ಡ ಕಟ್ಟಿದ್ದ ಒಂದು ಸಣ್ಣ ಒಡ್ಡಿನಿಂದ ಐದು ಕವಲುಗಳು ಹೊರಡುತ್ತಿದ್ದವು. ಮೂರನೇ ಕವಲಿನ ದಂಡೆಯ ಮೇಲೆ ನೀರಿನ ಅಳತೆ ನೋಡುವ ಸೌಡಿಗಳಿಗೆಂದು ಇಲಾಖೆ ಕಟ್ಟಿಸಿದ ಎರಡು ಗೇಜುಮನೆಗಳು. ಮೇಲಿನದು ರಂಗಯ್ಯನದು. ಅಲ್ಲಿಂದ ಒಂದು ಮೈಲಿ ಕೆಳಗೆ ಈರಬಸಪ್ಪನದು. ಎರಡರಲ್ಲೂ ಗೋಡೆಗೆ ಹೊಡೆದ ಒಂದೊಂದು ಹಿಡಿಕೆಯ ಫೋನು.

ಒಡ್ಡಿನ ಪಕ್ಕದ ಕೋಣೆಯಲ್ಲಿ ಮುರುಗಪ್ಪ ಎಂಬ ಗುಮಾಸ್ತ ಕೂರುತ್ತಿದ್ದ. ಅವನ ಮುಂದೆ ಒಂದು ಹಲಗೆ, ಅದರಲ್ಲಿ ಐದು ಹಿತ್ತಾಳೆ ಗೂಟ. ಒಂದೊಂದು ಗೂಟಕ್ಕೆ ಒಂದೊಂದು ಕವಲಿನ ತಂತಿ. ಗೂಟ ಸಿಕ್ಕಿಸಿದರೆ ಆ ಕವಲಿನ ಮನೆಗಳು ಅವನ ಮಾತಿಗೆ ಸೇರಿಕೊಳ್ಳುತ್ತಿದ್ದವು; ಕಿತ್ತರೆ ಬಿಟ್ಟುಹೋಗುತ್ತಿದ್ದವು. ಐದನ್ನೂ ಸದಾ ಸೇರಿಸಿಟ್ಟರೆ ದನಿ ಹಂಚಿಹೋಗಿ ಬಾವಿಯೊಳಗಿಂದ ಯಾರೋ ಕೂಗಿದ ಹಾಗೆ ಕೇಳುತ್ತಿತ್ತು. ಅದಕ್ಕೆ, ಕೇಳುವವರಿದ್ದ ಕವಲಿಗಷ್ಟೇ ಗೂಟ.

ಕೇಳುವವರು ಎಲ್ಲಿದ್ದಾರೆ ಎಂದು ತಿಳಿಯಲು ಮುರುಗಪ್ಪ ದಿನಾ ಬೆಳಗಿನ ಐದಕ್ಕೆ ಐದೂ ಗೂಟ ಸಿಕ್ಕಿಸಿ, ಹಿಡಿಕೆ ತಿರುಗಿಸಿ, ಒಂದೊಂದೇ ಕವಲನ್ನು ಕೂಗುತ್ತಿದ್ದ. "ಮೂರನೇ ಕವಲು, ಯಾರಾದ್ರೂ ಇದ್ದೀರೇನ್ರಿ?" ಒಂದು ಕವಲಿನಲ್ಲಿ ಒಬ್ಬರು ಉತ್ತರ ಕೊಟ್ಟರೆ ಸಾಕು. ಒಬ್ಬರದು ಕೇಳಿಸಿತೆಂದರೆ ಇನ್ನೊಬ್ಬರು ಸುಮ್ಮನಿರಬೇಕು, ಇಲ್ಲದಿದ್ದರೆ ಗದ್ದಲ. ಉತ್ತರ ಬಂದ ಕವಲಿನ ಗೂಟ ನಿಲ್ಲುತ್ತಿತ್ತು, ಬರದ ಕವಲಿನದು ಕೈಗೆ ಬರುತ್ತಿತ್ತು. ಆ ದಿನ ಒಡ್ಡಿನಿಂದ ನೀರು ಬಿಡುವ ಎಚ್ಚರಿಕೆಯ ಗಂಟೆ ಗೂಟವಿದ್ದ ಕವಲುಗಳಿಗೆ ಮಾತ್ರ. ಗೂಟ ಕಿತ್ತ ಕವಲಿನವರು ಎಷ್ಟು ಹಿಡಿಕೆ ತಿರುಗಿಸಿದರೂ ಮರುದಿನ ಐದು ಗಂಟೆಯವರೆಗೆ ಅವರ ದನಿ ಎಲ್ಲಿಗೂ ಮುಟ್ಟುತ್ತಿರಲಿಲ್ಲ.

ನಿಂಗಕ್ಕ ಮೊದಲ ಸಲ ಫೋನು ಎತ್ತಿದ ದಿನ ಮುರುಗಪ್ಪ ಕೇಳಿದ್ದ. "ಯಾರಮ್ಮ ಅದು?"

"ಸೌಡೇರ ಮನೇರು."

"ಯಾವ ಸೌಡಿ? ಹೆಸ್ರು ಹೇಳು, ಬರ್ಕಬೇಕು."

"ಅವರ ಹೆಸ್ರ ನಾನೆಂಗೆ ಹೇಳ್ಲಿ ಸ್ವಾಮಿ?"

ಗಂಡನ ಹೆಸರು ಬಾಯಲ್ಲಿ ತರದ ಹೆಂಗಸರ ಊರಿನಲ್ಲಿ ಇಲಾಖೆ ಫೋನು ಹಾಕಿಸಿತ್ತು. ಮುರುಗಪ್ಪ ನಕ್ಕು, "ಹೋಗ್ಲಿ ಬಿಡು, ಬಳೆ ಬಡಿ. ನೀನು ಎರಡು ಸಲ, ಕೆಳಗಿನ ಮನೆಯಾಕೆ ಮೂರು ಸಲ. ನಾನು ತಿಳ್ಕಂತೀನಿ," ಎಂದ. ಅಂದಿನಿಂದ ನಿಂಗಕ್ಕ ಫೋನಿನ ಬಾಯಿಗೆ ಬಳೆಯನ್ನು ಎರಡು ಸಲ ತಟ್ಟುತ್ತಿದ್ದಳು, ಮುರುಗಪ್ಪ ಪುಸ್ತಕದಲ್ಲಿ 'ರಂಗಯ್ಯ ಹಾಜರ್' ಎಂದು ಬರೆಯುತ್ತಿದ್ದ.

ಕೆಳಗಿನ ಮನೆಯಲ್ಲಿ ಮೂರು ಸಲ ತಟ್ಟುತ್ತಿದ್ದವಳು ಈರಬಸಪ್ಪನ ಹೆಂಡತಿ ಉಚ್ಚಂಗಮ್ಮ. ನಿಂಗಕ್ಕನಿಗಿಂತ ಆರೇಳು ವರ್ಷಕ್ಕೆ ಚಿಕ್ಕವಳು. ಕುರಿ ಸಾಕುವ ಮನೆಯಿಂದ ಬಂದವಳು. ಉಣ್ಣೆ ನೂಲುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಲ ನಾಲ್ಕು ಊರಿನಲ್ಲಿ ಇರಲಿಲ್ಲ. ಮಾತಾಡುತ್ತ, ನಡೆಯುತ್ತ, ಮಗುವಿಗೆ ಮೊಲೆ ಕೊಡುತ್ತ ಕದಿರು ತಿರುಗಿಸುತ್ತಿದ್ದಳು. ಅವಳಿಗೂ ನಾಲ್ಕಕ್ಕೇ ಏಳುವ ಪಾಡು. ಒಂದು ಮಧ್ಯಾಹ್ನ ಇಬ್ಬರೂ ಕಾಲುವೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಾಗ ಉಚ್ಚಂಗಮ್ಮನೇ ಮಾತು ತೆಗೆದಳು.

"ಅಕ್ಕ, ಒಬ್ರು ಬಳೆ ಬಡಿದ್ರೆ ಸಾಕು ಅಂದ್ಮೇಲೆ ಇಬ್ರೂ ಯಾಕೆ ಸಾಯ್ಬೇಕು? ದಿನ ಹಂಚ್ಕಳಾಣ. ನಿಂದು ಸೋಮವಾರ, ಬುಧವಾರ, ಶುಕ್ರವಾರ. ಉಳಿದ ಮೂರು ನಂದು."

"ಭಾನುವಾರ?"

"ಒಂದು ಭಾನುವಾರ ನಿಂದು, ಒಂದು ನಂದು."

"ಲೇ, ಗಂಡಸ್ರು ಗದ್ದೆ ನೀರು ಹಂಚ್ಕಂಡಂಗೆ ನಾವು ನಿದ್ದೆ ಹಂಚ್ಕಳಾಣ ಅಂತೀಯಲ್ಲೇ," ಎಂದು ನಿಂಗಕ್ಕ ನಕ್ಕಳು. ಇಬ್ಬರೂ ಒದ್ದೆ ಸೀರೆಯ ಎರಡು ತುದಿ ಹಿಡಿದು ಹಿಂಡುತ್ತ ಎಷ್ಟೋ ಹೊತ್ತು ನಕ್ಕರು.

ಈ ಒಪ್ಪಂದ ಮುರುಗಪ್ಪನಿಗೆ ಗೊತ್ತಿರಲಿಲ್ಲ. ಗಂಡಂದಿರಿಗೂ ಗೊತ್ತಿರಲಿಲ್ಲ, ಗೊತ್ತಾಗಬೇಕಾದರೆ ಅವರು ಐದು ಗಂಟೆಗೆ ಎಚ್ಚರವಿರಬೇಕಿತ್ತು. ತನ್ನ ದಿನವಲ್ಲದ ದಿನ ಗಂಟೆ ಬಡಿದರೆ ನಿಂಗಕ್ಕ ಮಗ್ಗುಲು ಬದಲಿಸಿ ಮತ್ತೆ ಕಣ್ಣು ಮುಚ್ಚುತ್ತಿದ್ದಳು. ಅಳತೆಗಲ್ಲಿಗೆ ಹೋಗುವುದೂ ತಪ್ಪುತ್ತಿತ್ತು. ಎಲ್ಲ ಸೇರಿ ಒಂದೂಕಾಲು ಗಂಟೆಯ ನಿದ್ದೆ ಹೆಚ್ಚು ಸಿಗುತ್ತಿತ್ತು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಯಾರೂ ಅವಳಿಗೆ ಅಷ್ಟು ದೊಡ್ಡದನ್ನು ಕೊಟ್ಟಿರಲಿಲ್ಲ. ಭಾನುವಾರದ ಲೆಕ್ಕ ತಪ್ಪದಿರಲೆಂದು ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆಯುತ್ತಿದ್ದಳು. ಪ್ರತಿ ಭಾನುವಾರಕ್ಕೆ ಒಂದು ಗೀಟು. ತನ್ನದಾದರೆ ಅದರ ಮೇಲೊಂದು ಅಡ್ಡಗೀಟು. ಉಚ್ಚಂಗಮ್ಮ ಗೀಟು ಎಳೆಯುವವಳಲ್ಲ. "ನನ್ ತಲೇಲೇ ಐತೆ ಬಿಡಕ್ಕ," ಎನ್ನುತ್ತಿದ್ದಳು.

ಎರಡು ವರ್ಷ ಹೀಗೇ ನಡೆಯಿತು. ಎಪ್ಪತ್ನಾಲ್ಕನೇ ಇಸವಿಯ ಕಾರ್ತಿಕದಲ್ಲಿ ಕವಲಿನ ಮೇಲ್ಭಾಗದ ಪೈರೆಲ್ಲ ಬಲಿತು ನಿಂತಿತ್ತು. ಇನ್ನು ಹತ್ತು ದಿನ ನೀರು ಬೇಡವೆಂದು ರೈತರು ಹೇಳಿದ್ದರು, ಕಾಲುವೆ ಒಣಗಿತ್ತು. ರಂಗಯ್ಯನಿಗೆ ಹೊಳಲ್ಕೆರೆಯಲ್ಲಿ ನೆಂಟರ ಮದುವೆ. ನಿಂಗಕ್ಕ ಹೆದರಿ ಹೆದರಿ ಕೇಳಿದಳು. "ನೀವು ಅತ್ಲಾಗೆ ಹೋದ್ರೆ ನಾನು ಹಿರಿಯೂರಿಗೆ ದೊಡ್ಡಕ್ಕನ ಮನೆಗೆ ಹೋಗಿ ಬರ್ಲಾ? ಎರಡು ದಿನ."

"ಏನೈತೆ ಅಲ್ಲಿ? ಹಬ್ಬವಾ, ಹೆರಿಗೆಯಾ?"

ಏನೂ ಇರಲಿಲ್ಲ. ಹಿರಿಯೂರಿನಲ್ಲಿ ಅವಳ ಅಕ್ಕ ದೊಡ್ಡಕ್ಕ, ಗಂಡ ಸತ್ತ ಮೇಲೆ ಒಬ್ಬಳೇ ಇದ್ದು ತೆಂಗಿನ ಗರಿಯಿಂದ ಪೊರಕೆ ಕಟ್ಟುತ್ತಿದ್ದಳು. ಅವಳ ಮನೆಯಲ್ಲಿ ಎಮ್ಮೆಯಿಲ್ಲ, ಗಂಡಸಿಲ್ಲ, ಫೋನಿಲ್ಲ. ನಿಂಗಕ್ಕನಿಗೆ ಬೇಕಾಗಿದ್ದುದು ಅಲ್ಲಿ ಹೋಗಿ ಮಲಗುವುದು. ಬಿಸಿಲು ಮುಖಕ್ಕೆ ಬೀಳುವವರೆಗೆ ಮಲಗುವುದು. ಅದನ್ನು ಹೇಳುವುದು ಹೇಗೆ? "ಅಕ್ಕನಿಗೆ ಮೈ ಸರಿ ಇಲ್ವಂತೆ," ಎಂದಳು.

"ಸರಿ, ಹಂಗಾದ್ರೆ ಭಾನುವಾರ ಬೆಳಿಗ್ಗೆ ಮುರುಗಪ್ಪಗೆ ಹೇಳಿ ಕವಲು ಬಿಡ್ಸು. ಎಮ್ಮೆನ ಪಕ್ಕದ ಹೊಲದೋರ ಕೊಟ್ಟಿಗೇಲಿ ಕಟ್ಟು. ಆರೂವರೆ ಬಸ್ಸಿಗೆ ಹೋಗಾಣ."

ಕವಲು ಬಿಡುವುದಕ್ಕೂ, ಅಂದರೆ ತಂತಿಯಿಂದ ಕಳಚಿಕೊಳ್ಳುವುದಕ್ಕೂ, ಒಂದು ಕ್ರಮವಿತ್ತು. "ಬಿಡ್ತೀವಿ" ಎಂದು ಹೇಳಿದ ತಕ್ಷಣ ಮುರುಗಪ್ಪ ಗೂಟ ಕೀಳುತ್ತಿರಲಿಲ್ಲ. "ಬೇರೆ ಯಾರಾದ್ರೂ ಇದ್ದೀರಾ?" ಎಂದು ಇನ್ನೊಮ್ಮೆ ಗಂಟೆ ಹೊಡೆದು ಕೇಳಿ, ಹತ್ತು ಎಣಿಸುತ್ತಿದ್ದ. ಹತ್ತರೊಳಗೆ ಯಾರೂ ಉಸಿರೆತ್ತದಿದ್ದರೆ ಮಾತ್ರ ಕೀಳುವುದು.

ಬರುವ ಭಾನುವಾರ ಅಡ್ಡಗೀಟಿನದು, ನಿಂಗಕ್ಕನದು. ಅಂದರೆ ಅಂದು ಗಂಟೆ ಬಡಿದರೆ ಉಚ್ಚಂಗಮ್ಮ ಏಳುವುದಿಲ್ಲ. ಆದ್ದರಿಂದ ಶನಿವಾರ ಸಂಜೆ ಕೆಳಗಿನ ಮನೆಗೆ ಹೋಗಿ, "ನಾಳೆ ನಾನು ಬಿಡ್ತೀನಿ ಕಣೇ, ನೀನು ಎದ್ದು ಬಳೆ ಬಡಿ," ಎಂದು ಹೇಳಿ ಬರಬೇಕೆಂದು ನಿಂಗಕ್ಕ ಅಂದುಕೊಂಡಿದ್ದಳು. ಸೆರಗು ಸಿಕ್ಕಿಸಿಕೊಂಡು ಹೊರಟೂ ಇದ್ದಳು. ಅಷ್ಟರಲ್ಲಿ ರಂಗಯ್ಯನ ದಾಯಾದಿಗಳು ಮೂವರು, ಮದುವೆಗೆ ಜತೆಯಲ್ಲಿ ಹೋಗೋಣವೆಂದು, ಬಂದು ಕುಳಿತರು.

"ಬರ್ರಿ, ಕುಂತ್ಕಳ್ರಿ," ಎಂದು ರಂಗಯ್ಯ ಕಂಬಳಿ ಹಾಸಿದ. ಒಳಗೆ ತಿರುಗಿ, "ಏನಾದ್ರೂ ಮಾಡು," ಎಂದ.

ಏನಾದರೂ ಎಂದರೆ ರಾಗಿ ಬೀಸುವುದರಿಂದ ಹಿಡಿದು ಸೊಪ್ಪು ಸೋಸಿ, ಸಾರು ಕಾಯಿಸಿ, ಮುದ್ದೆ ಕಟ್ಟಿ ಬಡಿಸುವವರೆಗೆ. ಕೈ ತೊಳೆಯುವ ಹೊತ್ತಿಗೆ ಕತ್ತಲಾಗಿತ್ತು. ಬೆಳಿಗ್ಗೆ ತಂತಿಯಲ್ಲೇ ಹೇಳಿದರಾಯಿತು ಎಂದುಕೊಂಡಳು.

ಬೆಳಿಗ್ಗೆ ಐದಕ್ಕೆ ಗಂಟೆ ಬಡಿಯಿತು. ನಿಂಗಕ್ಕ ಎರಡು ಸಲ ಬಳೆ ತಟ್ಟಿ, "ಹಲೋ ಉಚ್ಚಂಗಿ, ಇದ್ದೀಯೇನೇ?" ಎಂದು ಕೂಗಿದಳು. ಯಾರೂ ಎತ್ತಲಿಲ್ಲ. ಎತ್ತಬಾರದೆಂದೇ ಅಲ್ಲವೇ ಒಪ್ಪಂದ?

"ಏನಮ್ಮ, ಮುಂದಿನ ಕವಲು ಕೇಳ್ಬೇಕು ನಾನು," ಎಂದ ಮುರುಗಪ್ಪ.

"ನಾವು ಕವಲು ಬಿಡ್ತೀವಿ ಸ್ವಾಮಿ. ಎರಡು ದಿನ ಊರಲ್ಲಿ ಇರಲ್ಲ."

"ಮೂರನೇ ಕವಲು, ಬೇರೆ ಯಾರಾದ್ರೂ ಇದ್ದೀರಾ?" ಗಂಟೆ ಬಡಿಯಿತು. "ಒಂದು. ಎರಡು."

ನಿಂಗಕ್ಕ ಕಿವಿಗೆ ಫೋನು ಒತ್ತಿ ನಿಂತಳು. ಕೆಳಗಿನ ಮನೆಯಲ್ಲೂ ಈ ಗಂಟೆ ಬಡಿಯುತ್ತಿದೆ. ಅದನ್ನು ಕೇಳಿ ಉಚ್ಚಂಗಮ್ಮ, ಇವತ್ತು ಅಕ್ಕನ ದಿನ ಎಂದು ಮಗುವನ್ನು ಎದೆಗೆ ಎಳೆದುಕೊಂಡಿರುತ್ತಾಳೆ.

"ಐದು. ಆರು."

ಬೇಡ ಸ್ವಾಮಿ, ಬಿಡಬೇಡಿ, ಅಲ್ಲಿ ಒಬ್ಬಳಿದ್ದಾಳೆ ಎಂದು ಹೇಳಬಹುದಿತ್ತು. ಹೇಳಿದರೆ, ಇದ್ದವಳು ಯಾಕೆ ಉತ್ತರ ಕೊಡುತ್ತಿಲ್ಲ ಎಂದು ಅವನು ಕೇಳುತ್ತಾನೆ. ದಿನ ಹಂಚಿಕೊಂಡದ್ದು ಬಯಲಾಗುತ್ತದೆ. ಇಲ್ಲವೇ ಒಂದು ಮೈಲಿ ಓಡಿ ಎಬ್ಬಿಸಿ ಬರಬಹುದು. ಆಗ ಬಸ್ಸು ತಪ್ಪುತ್ತದೆ.

"ಲೇ, ಎಷ್ಟೊತ್ತೇ? ಬುತ್ತಿ ಕಟ್ಟಿದ್ಯಾ?" ಎಂದು ರಂಗಯ್ಯ ಅಂಗಳದಿಂದ ಕೂಗಿದ.

ಹತ್ತು ದಿನ ನೀರೇ ಇಲ್ಲವಲ್ಲ, ಏನಾಗುತ್ತದೆ ಎಂದು ನಿಂಗಕ್ಕ ತನಗೆ ತಾನೇ ಹೇಳಿಕೊಂಡಳು. ಮಂಗಳವಾರ ಹೇಗೂ ಉಚ್ಚಂಗಮ್ಮನ ದಿನ, ಎದ್ದು ಬಳೆ ಬಡಿದರೆ ಕವಲು ಮತ್ತೆ ಸೇರಿಕೊಳ್ಳುತ್ತದೆ.

"ಒಂಬತ್ತು. ಹತ್ತು. ಕಿತ್ತೆ ನೋಡಮ್ಮ," ಎಂದ ಮುರುಗಪ್ಪ. ಕಿವಿಯಲ್ಲಿ ಸದ್ದು ಸತ್ತಿತು.

ಹಿರಿಯೂರು ಮುಟ್ಟಿದಾಗ ಹತ್ತು ದಾಟಿತ್ತು. ದೊಡ್ಡಕ್ಕ ಪೊರಕೆ ಬದಿಗಿಟ್ಟಳು. ತಂಗಿಯ ಮುಖ ನೋಡಿ ಚಾಪೆ ಬಿಡಿಸಿದಳು. ತೆಂಗಿನ ಗರಿ ಸೀಳುವ ಸದ್ದು ಕೇಳುತ್ತ ನಿಂಗಕ್ಕ ಮಲಗಿದಳು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆ ಎದ್ದು, ಅಕ್ಕ ಕಲಸಿಟ್ಟ ಅನ್ನ ತಿಂದು, ಮತ್ತೆ ಮಲಗಿದಳು. ಅಷ್ಟು ಸುಖದ ನಿದ್ದೆ ಅವಳ ಜೀವನದಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ. ಅದಾದ ಮೇಲೂ ಬರಲಿಲ್ಲ.

ಅವಳು ಮಲಗಿದ್ದಾಗ ಕಡೂರಿನ ಕಡೆ ಬಿದ್ದ ಅಕಾಲದ ಮಳೆಯ ನೀರು ಒಡ್ಡಿಗೆ ಬಂದಿತ್ತು. ಒತ್ತಡ ಇಳಿಸಲು ಐದೂ ಕವಲುಗಳ ಬಾಗಿಲು ಎತ್ತಿದರು. ಮುರುಗಪ್ಪ ಗೂಟವಿದ್ದ ನಾಲ್ಕು ಕವಲಿಗೆ ಗಂಟೆ ಹೊಡೆದ. ಮೂರನೆಯದರಲ್ಲಿ ಯಾರೂ ಇಲ್ಲವೆಂದು ಬೆಳಿಗ್ಗೆಯೇ ಹತ್ತು ಎಣಿಸಿ ನೋಡಿದ್ದನಲ್ಲ.

ಕೆಳಗಿನ ಮನೆಯ ಮುಂದೆ, ಒಣಗಿದ ಕಾಲುವೆಯ ಒಳಗೆ, ಉಚ್ಚಂಗಮ್ಮ ಹಾಸು ಬಿಟ್ಟಿದ್ದಳು. ಕಂಬಳಿ ನೇಯುವ ಮೊದಲು ಉಣ್ಣೆಯ ಎಳೆಗಳನ್ನು ಉದ್ದಕ್ಕೆ ಎಳೆದು ಕಟ್ಟಿ ಹುಣಸೆ ಬೀಜದ ಗಂಜಿ ಹಚ್ಚಬೇಕು. ಗಾಳಿ ಹೊಡೆಯಬಾರದು, ನೆಲ ಮಟ್ಟಸವಾಗಿರಬೇಕು. ಒಣ ಕಾಲುವೆಗಿಂತ ಒಳ್ಳೆಯ ಜಾಗ ಎಲ್ಲಿ? ಕಾಲುವೆಗೆ ಇಳಿಯಬಾರದೆಂಬ ಕಾನೂನಿತ್ತು. ನೀರು ಬಿಡುವ ಮೊದಲು ಗಂಟೆ ಬಡಿಯುತ್ತದೆಂಬ ಧೈರ್ಯದ ಮೇಲೆ ಎಲ್ಲ ಹೆಂಗಸರೂ ಇಳಿಯುತ್ತಿದ್ದರು. ಮಗುವನ್ನು ದಂಡೆಯ ಮೇಲೆ ಮಲಗಿಸಿ, ಹಾಸು ಬಿಗಿಯಾಗಿ ನಿಲ್ಲಲೆಂದು ಅದರ ತುದಿಯ ಹಗ್ಗವನ್ನು ಬಲಗೈ ಮಣಿಕಟ್ಟಿಗೆ ಸುತ್ತಿಕೊಂಡು, ಎಡಗೈಯಲ್ಲಿ ಗಂಜಿ ಬಳಿಯುತ್ತಿದ್ದಳು. ಬಂದ ನೀರು ಮೊಣಕಾಲುದ್ದವೇ. ಆದರೆ ನಾಲ್ಕು ತಿಂಗಳು ನೂತ ಉಣ್ಣೆ ನೀರು ಕುಡಿದು ಎಮ್ಮೆಯಷ್ಟು ಭಾರವಾಗಿ, ಅವಳನ್ನು ಆ ಒಂದು ಕೈಯಿಂದ ಹಿಡಿದು ತೂಬಿನವರೆಗೆ ಎಳೆದುಕೊಂಡು ಹೋಯಿತು.

ಜೀವ ಉಳಿಯಿತು. ಮಣಿಕಟ್ಟು ಎರಡು ಕಡೆ ಮುರಿದಿತ್ತು. ಊದಿದ ಕೈಯಿಂದ ಬಳೆಗಳನ್ನು ಒಡೆದು ತೆಗೆಯಬೇಕಾಯಿತು.

ಮಂಗಳವಾರ ಮರಳಿದಾಗ ನಿಂಗಕ್ಕನಿಗೆ ಸುದ್ದಿ ತಿಳಿಯಿತು. ಆ ವಾರವೇ ಗಂಜಿಯ ಪಾತ್ರೆ ಕಟ್ಟಿಕೊಂಡು ಚಿತ್ರದುರ್ಗದ ಆಸ್ಪತ್ರೆಗೆ ಹೋದಳು. ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದಳು. ಉಚ್ಚಂಗಮ್ಮ ಗೋಡೆಗೆ ಒರಗಿ ಕೂತಿದ್ದಳು, ಸುಣ್ಣದ ಕಟ್ಟು ಹಾಕಿದ ಕೈ ಮಡಿಲಲ್ಲಿತ್ತು. ನಿಂಗಕ್ಕನನ್ನು ನೋಡಿದ ಕೂಡಲೇ ಅವಳೇ ಅಳತೊಡಗಿದಳು.

"ಅಕ್ಕ, ನನ್ ಭಾನುವಾರ ಆಗಿತ್ತು ಅಲ್ವಾ? ತಲೇಲಿ ಐತೆ ಅಂತಿದ್ದೆ. ಗಂಟೆ ಬಡೀತು ಅಕ್ಕ, ಎರಡು ಸಲ ಬಡೀತು, ನಾನೇ ಏಳಲಿಲ್ಲ. ನೀನು ಊರಿಗೆ ಹೋಗೋಳು, ಪಾಪ, ನಾನು ಇದ್ದೀನಿ ಅಂತ ನಂಬ್ಕಂಡು ಹೋದೆ. ನಾನು ಸೋಂಬೇರಿ ಮಲಗಿಬಿಟ್ಟೆ."

ನಿಂಗಕ್ಕ ಬಾಯಿ ತೆರೆದಳು. ಮುರುಗಪ್ಪ ಹತ್ತು ಎಣಿಸಿದಷ್ಟೇ ಹೊತ್ತು ಅವಳಿಗೆ ಸಿಕ್ಕಿತು. ನಿನ್ನದಲ್ಲ ಕಣೇ, ನನ್ನದು. ಅಷ್ಟೇ ಮಾತು. ಗಂಜಿಯ ಮುಚ್ಚಳ ತೆಗೆದು, "ಉಣ್ಣು, ಆರಿ ಹೋಗ್ತೈತೆ," ಎಂದಳು.

ಆಮೇಲೆ ಓವರ್‌ಸಿಯರ್ ವಿಚಾರಣೆಗೆ ಬಂದರು. ರಂಗಯ್ಯನ ಅಂಗಳದಲ್ಲೇ ಕುರ್ಚಿ ಹಾಕಿದರು. ಮುರುಗಪ್ಪ ಪುಸ್ತಕ ಓದಿದ. "ಮೂರನೇ ಕವಲು. ಮೇಲಿನ ಸೌಡಿ ರಂಗಯ್ಯ ಹೇಳಿ ಬಿಟ್ಟಿರುತ್ತಾನೆ. ಮತ್ತೆ ಕೇಳಲಾಯಿತು. ಕೆಳಗಿನ ಸೌಡಿ ಈರಬಸಪ್ಪನಿಂದ ಉತ್ತರವಿಲ್ಲ." ಪುಸ್ತಕದಲ್ಲಿ ಹೆಂಗಸರು ಎಲ್ಲೂ ಇರಲಿಲ್ಲ. ಎರಡು ವರ್ಷ ಗಂಡಸರೇ ಎದ್ದಿದ್ದರು, ಗಂಡಸರೇ ಉತ್ತರ ಕೊಟ್ಟಿದ್ದರು, ಈಗ ಗಂಡಸೇ ತಪ್ಪು ಮಾಡಿದ್ದ. ನಿಂಗಕ್ಕ ಬಾಗಿಲ ಹಿಂದೆ ನಿಂತು ಎಲ್ಲರಿಗೂ ಕಾಫಿ ಸೋಸುತ್ತಿದ್ದಳು. ಅವಳ ಭುಜದ ಪಕ್ಕ ಗೋಡೆಯ ಮೇಲೆ ಇದ್ದಿಲಿನ ಗೀಟುಗಳು. ಕೊನೆಯದಕ್ಕೆ ಅಡ್ಡಗೀಟು ಸ್ಪಷ್ಟವಾಗಿತ್ತು. ಯಾರೂ ಒಳಗೆ ಬಂದು ನೋಡಲಿಲ್ಲ, ಯಾರೂ ಅವಳನ್ನು ಕೇಳಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು ಎಂದು ಆಗ ಅನ್ನಿಸಿತು. ಕೇಳಿದ್ದರೆ ಹೇಳುತ್ತಿದ್ದಳೇ? ಈ ಪ್ರಶ್ನೆಯನ್ನು ಅವಳು ಮುಂದೆ ಎಷ್ಟೋ ವರ್ಷ ಎಮ್ಮೆಯ ಹೊಟ್ಟೆಗೆ ಹಣೆಯಾನಿಸಿ ಹಾಲು ಕರೆಯುವಾಗ ಕೇಳಿಕೊಂಡಳು.

ಈರಬಸಪ್ಪನ ಕೆಲಸ ಹೋಯಿತು. ಸಂಸಾರ ಚಿತ್ರದುರ್ಗಕ್ಕೆ ಹೋಯಿತು. ಅವನು ಮಂಡಿಯಲ್ಲಿ ಮೂಟೆ ಹೊರುತ್ತಾನೆ, ಅವಳು ಎಣ್ಣೆ ಗಿರಣಿಯಲ್ಲಿ ಕಡಲೆಕಾಯಿ ಬೀಜ ಆರಿಸುತ್ತಾಳೆ ಎಂದು ಸುದ್ದಿ ಬಂತು. ಎಡಗೈಯಲ್ಲಿ. ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ, ಕದಿರು ಹಿಡಿಯುವುದು ಮುಗಿದಿತ್ತು.

ಒಂದು ವರ್ಷ ಕೆಳಗಿನ ಮನೆ ಖಾಲಿ ಬಿದ್ದಿತ್ತು. ಆಮೇಲೆ ಕರಿಯಣ್ಣನೆಂಬ ಹೊಸ ಸೌಡಿ, ಅವನ ಹೊಸ ಹೆಂಡತಿ ಕಾಟಮ್ಮ ಬಂದರು. ಕಾಟಮ್ಮ ಬಂದ ತಿಂಗಳಿಗೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದೇ ಮಾತು ತೆಗೆದಳು. "ಅಕ್ಕ, ಇಬ್ರೂ ಯಾಕೆ ಏಳ್ಬೇಕು? ಒಂದಿನ ನೀನು, ಒಂದಿನ ನಾನು."

ನಿಂಗಕ್ಕ ಸೀರೆಯ ತುದಿಯನ್ನು ಕಲ್ಲಿನ ಮೇಲಿಟ್ಟಳು. "ಬೇಡ. ದಿನಾ ನಾನೇ ಏಳ್ತೀನಿ. ನೀನು ಮಲಕ್ಕೋ."

"ಏಳೂ ದಿನಾನಾ?"

"ಏಳೂ ದಿನ."

ಹುಡುಗಿಗೆ ಖುಷಿಯಾಯಿತು. ಅಂದಿನಿಂದ ನಿಂಗಕ್ಕ ಒಂದು ದಿನವೂ ಬಿಡದೆ ಎದ್ದಳು. ಯಾರ ಮದುವೆಗೂ ಹೋಗಲಿಲ್ಲ, ದೊಡ್ಡಕ್ಕನ ಮನೆಗೂ ಹೋಗಲಿಲ್ಲ. "ಭಾರಿ ನಿಯತ್ತಿನೋಳು," ಎಂದು ರಂಗಯ್ಯ ಜನರೆದುರು ಹೆಮ್ಮೆಪಟ್ಟ. ಮಾಡಿದ ತಪ್ಪಿಗೆ ಇನ್ನಷ್ಟು ದುಡಿಯುವುದೊಂದೇ ಅವಳಿಗೆ ಗೊತ್ತಿದ್ದ ಪ್ರಾಯಶ್ಚಿತ್ತ. ಅದರಿಂದ ಮನೆಯವರಿಗೆ ಅನುಕೂಲವಾಯಿತು. ಚಿತ್ರದುರ್ಗದಲ್ಲಿದ್ದವಳಿಗೆ ಏನೂ ಆಗಲಿಲ್ಲ. ಪ್ರತಿ ದೀಪಾವಳಿಗೆ ಸುಣ್ಣ ಹೊಡೆಯುವಾಗ ನಿಂಗಕ್ಕ ಬಾಗಿಲ ಹಿಂದಿನ ಮೊಳದಷ್ಟು ಗೋಡೆಯನ್ನು ಬಿಟ್ಟು ಹೊಡೆಯುತ್ತಿದ್ದಳು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕಾಟಮ್ಮ ತವರಿಗೆಂದು ಚಿತ್ರದುರ್ಗಕ್ಕೆ ಹೋಗಿ ಬಂದಳು.

"ಅಕ್ಕ, ಹಿಂದೆ ನಮ್ಮನೇಲಿದ್ರಲ್ಲ, ಉಚ್ಚಂಗಮ್ಮ, ಅವರನ್ನ ನೋಡ್ದೆ. ನಮ್ಮವ್ವನ ಬೀದೀಲೇ ಅವರೆ. ನಿನ್ನ ಕೇಳಿದ್ರು. ನಿಂಗಕ್ಕ ಚೆನ್ನಾಗವಳಾ, ಕಾಲು ನೋವು ಹೆಂಗೈತೆ ಅಂತ."

"ಹೆಂಗವಳೆ ಅವಳು?"

"ಹೆಂಗೆ ಅಂದ್ರೆ..." ಕಾಟಮ್ಮ ದನಿ ಇಳಿಸಿದಳು. "ಆ ಗಂಡಸು ಸರಿ ಇಲ್ಲ ಅಕ್ಕ. ದಿನ ಹಂಚ್ಕಂಡಿದ್ದನ್ನ ಆಯಮ್ಮನೇ ಆಮೇಲೆ ಅವನಿಗೆ ಹೇಳ್ಕಂಡವ್ಳಂತೆ. ಸಾರಿಗೆ ಉಪ್ಪು ಕಮ್ಮಿ ಆದ್ರೂ ಅದೇ ಮಾತು. 'ಮಲಗಿ ಮನೆ ಮುಳುಗ್ಸಿದೋಳು, ಭಾನುವಾರ ಮರ್ತೋಳು' ಅಂತ ಬೀದೀಲಿ ನಾಲ್ಕು ಜನದ ಎದುರಿಗೆ ಅಂತಾನೆ. ಮಗನೂ ಕಲ್ತವ್ನೆ. ಆಯಮ್ಮ ಶನಿವಾರ ರಾತ್ರಿ ಮಲಗೋದೇ ಇಲ್ವಂತೆ. ಗೋಡೆಗೆ ಒರಗಿ ಕೂತ್ಕಂಡು ಬೆಳಗು ಮಾಡ್ತಾಳಂತೆ. ನಾನು ಕೇಳಿದ್ರೆ, 'ನಂದೇ ತಪ್ಪು ತಾಯಿ, ಅವರು ಅನ್ನದೇ ಇನ್ನೇನ್ ಮಾಡ್ತಾರೆ' ಅಂದ್ರು."

ನಿಂಗಕ್ಕ ಅಂದು ಸಂಜೆ ಮುದ್ದೆಯ ಎಸರು ಇಡುವುದನ್ನು ಮರೆತಳು. ಮುರಿದ ಕೈಯನ್ನು ತಾನು ಸರಿಮಾಡಲಾರಳು. ಹೋದ ಕೆಲಸವನ್ನು ಕೊಡಿಸಲಾರಳು. ಆದರೆ ನಿದ್ದೆ? ಅದು ಅವರಿಬ್ಬರೂ ಹಂಚಿಕೊಂಡಿದ್ದ ಆಸ್ತಿ. ಉಚ್ಚಂಗಮ್ಮನ ಪಾಲನ್ನೂ ತಾನೇ ಇಟ್ಟುಕೊಂಡು ಕೂತಿದ್ದಳು. ಅದು ತನ್ನ ಭಾನುವಾರವಾಗಿತ್ತೆಂದು ಹೇಳಿಬಿಟ್ಟರೆ ಈರಬಸಪ್ಪ ಸುಮ್ಮನಿರುವ ಗಂಡಸಲ್ಲ. ಇಲಾಖೆಯವರೆಗೆ ಹೋದರೆ ರಂಗಯ್ಯನ ಕೆಲಸಕ್ಕೆ ಕುತ್ತು. ಅದಕ್ಕಿಂತ ಹೆಚ್ಚಾಗಿ, ನಿಂಗಕ್ಕ ಚೆನ್ನಾಗವಳಾ ಎಂದು ಕೇಳುವ ಆ ದನಿ ಇನ್ನೊಮ್ಮೆ ಹಾಗೆ ಕೇಳುವುದಿಲ್ಲ.

"ದೊಡ್ಡಕ್ಕನ ನೋಡ್ಕಂಡು ಬರ್ತೀನಿ," ಎಂದು ರಂಗಯ್ಯನಿಗೆ ಹೇಳಿದಳು. ನಾಲ್ಕು ವರ್ಷದ ಮೇಲೆ ಕೇಳಿದ್ದರಿಂದ ಅವನು ಬೇಡವೆನ್ನಲಿಲ್ಲ.

ಶನಿವಾರ ಸಂಜೆ ಅಂಗಳದಲ್ಲಿ ಯಾರೋ ಬಂದು ಕುಳಿತಿದ್ದರು. "ಏನಾದ್ರೂ ಮಾಡು," ಎಂದ ರಂಗಯ್ಯ. ನಿಂಗಕ್ಕ ಒಂದು ಚೊಂಬು ಮಜ್ಜಿಗೆ ಇಟ್ಟು, ಒಲೆ ಹಚ್ಚದೆ, ಹಿತ್ತಿಲ ಬಾಗಿಲಿಂದ ಕಾಲುವೆಯ ದಂಡೆಗೆ ಇಳಿದು ಒಂದು ಮೈಲಿ ನಡೆದಳು.

"ಇಷ್ಟು ದೂರ ನಡ್ಕಂಡು ಬಂದ್ಯಾ ಅಕ್ಕ? ನಾಳೆ ತಂತೀಲಿ ಹೇಳಿದ್ರೆ ಆಗ್ತಿರಲಿಲ್ವಾ?" ಎಂದಳು ಕಾಟಮ್ಮ.

"ಆಗಲ್ಲ. ನಾಳೆ ಗಂಟೆ ಬಡಿದ್ರೆ ನೀನು ಏಳು. ನೀನು ಮೂರು ಸಲ ಬಳೆ ಬಡಿಯೋದನ್ನ ನಾನು ಕೇಳಿಸ್ಕಂಡೇ ಫೋನು ಇಡ್ತೀನಿ. ಕೇಳದಿದ್ರೆ ಹೋಗಲ್ಲ."

ಭಾನುವಾರ ಐದಕ್ಕೆ ಗಂಟೆ ಬಡಿಯಿತು. "ಮೂರನೇ ಕವಲು, ಯಾರಾದ್ರೂ ಇದ್ದೀರೇನ್ರಿ?" ನಿಂಗಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತು ಬರೀ ತಂತಿಯ ಗುಂಯ್ ಸದ್ದು. ಆಮೇಲೆ ದೂರದಿಂದ, ನಿದ್ದೆಗಣ್ಣಿನ, ಸ್ವಲ್ಪ ಸಿಡುಕಿನ ಮೂರು ಬಳೆ ಸದ್ದು ಬಂತು. ಅವಳು ಫೋನನ್ನು ಮೆಲ್ಲಗೆ ಕೊಂಡಿಗೆ ಸಿಕ್ಕಿಸಿದಳು. ಬಿಡುತ್ತೇನೆ ಎಂದು ಹೇಳುವ ಅಗತ್ಯವೂ ಇರಲಿಲ್ಲ. ಇಷ್ಟೇ ಸುಲಭವಿತ್ತು, ಅಂದು ಕೂಡ.

ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ನಿಂತಿದ್ದವು. "ಹಿರಿಯೂರು, ಹಿರಿಯೂರು!" ಎಂದು ಒಬ್ಬ ಕಂಡಕ್ಟರ್ ಕೂಗುತ್ತಿದ್ದ. ಅಭ್ಯಾಸಬಲವೋ ಭಯವೋ, ನಿಂಗಕ್ಕ ಹತ್ತಿ ಕಿಟಕಿಯ ಪಕ್ಕ ಕೂತಳು. ಇನ್ನೆರಡು ಗಂಟೆಯಲ್ಲಿ ದೊಡ್ಡಕ್ಕನ ಮನೆ. ಚಾಪೆ. ಗರಿ ಸೀಳುವ ಸದ್ದು. ಗಂಡನಿಗೆ ಹೇಳಿ ಬಂದದ್ದೂ ಅದೇ. ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ, ಮುಂದೆಯೂ ಕೇಳುವುದಿಲ್ಲ.

ಡ್ರೈವರ್ ಹತ್ತಿ ಕೂತ. ನಿಂಗಕ್ಕ ಎದ್ದಳು.

"ಏನಮ್ಮ, ಹತ್ತೋದು ಇಳಿಯೋದು ಆಟ ಆಡ್ತೀಯಾ? ಎಲ್ಲಿಗೆ ಹೋಗ್ಬೇಕು ಅಂತ ಗೊತ್ತೈತಾ ಇಲ್ವಾ?" ಎಂದು ಕಂಡಕ್ಟರ್ ರೇಗಿದ.

"ಗೊತ್ತೈತಪ್ಪ," ಎಂದಳು. ಗಂಟನ್ನು ಎದೆಗೆ ಅವುಚಿಕೊಂಡು ಇಳಿದು, ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನ ಕಡೆ ನಡೆದಳು. ಅದರಲ್ಲಿ ಸೀಟು ಇರಲಿಲ್ಲ. ಕಂಬಿ ಹಿಡಿದು ನಿಂತಳು.